ಚಕ್ರದಡಿಯ ನಿಂಬೆಹಣ್ಣು

“ಬೋರ್ಡ್ ನಮ್ದೇ ಮೇಡಂ. ಅದ್ರಲ್ಲಿ ಡೌಟೇ ಇಲ್ಲ,” ಎಂದ ಸುನಿಲ್.

ಹೇಳಿದವನು ಫೋಟೋವನ್ನು ಮೇಜಿನ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡ. ಕೆ.ಆರ್. ಪುರದ ಈ ಶೆಡ್ಡಿನಲ್ಲಿ ಒಂದು ಕಾಲಕ್ಕೆ ರಾಗಿ ಮೂಟೆ ಪೇರಿಸುತ್ತಿದ್ದರು. ಈಗ ಎಲೆಕ್ಟ್ರಿಕ್ ಆಟೊಗಳ ಮೋಟಾರ್ ನಡೆಸುವ ಕಂಟ್ರೋಲರುಗಳು ತಯಾರಾಗುತ್ತವೆ. ಊಟದ ಹೊತ್ತು. ಉಳಿದ ಕೆಲಸಗಾರರು ಡಬ್ಬಿ ಹಿಡಿದು ಹೊರಗೆ ಹೋಗಿದ್ದರು. ಬೆಸುಗೆಯ ಹೊಗೆ ಮಾತ್ರ ಹೋಗದೆ ತಗಡಿನ ಸೂರಿಗೆ ಅಂಟಿಕೊಂಡಿತ್ತು.

ರುದ್ರಾಣಿ ಫೋಟೋದ ಮೇಲೆ ಭೂತಗನ್ನಡಿ ಹಿಡಿದಳು.

ಬಾಳೆಎಲೆಯ ಮೇಲೆ ಅಂಗೈಯಗಲದ ಹಸಿರು ಬೋರ್ಡು. ಅದರ ಮೂಲೆಗೆ ಅರಿಶಿನ, ಕುಂಕುಮ. ಚೆಂಡುಹೂವು. ಎಲೆಯ ಅಂಚಿನಾಚೆ ನೆಲದ ಮೇಲೆ ಹಳದಿ ಬಣ್ಣದ ಏನೋ ಒಂದು ಅಪ್ಪಚ್ಚಿಯಾಗಿ ಬಿದ್ದಿದೆ. ಕೆಳಗಡೆ, ಫೋಟೋ ತೆಗೆದವರ ನೆರಳು ಅಡ್ಡಬಿದ್ದಿದೆ. ನೆರಳಿನ ಮೊಣಕೈ ಹತ್ತಿರ ಒಂದು ದುಂಡನೆಯ ಉಬ್ಬು, ಹೂವಿನ ಬುಟ್ಟಿ ಸಿಕ್ಕಿಸಿಕೊಂಡ ಹಾಗೆ.

ಪೇಟೆಂಟ್ ಅರ್ಜಿ ಹಾಕಿದ್ದು ಸಂಕ್ರಾಂತಿಯ ವಾರ. ಈ ಫೋಟೋ ಅದಕ್ಕೂ ಹಿಂದಿನ ಆಯುಧಪೂಜೆಯದು, ಬೋರ್ಡು ಆಗಲೇ ಜನರ ಬಳಕೆಯಲ್ಲಿತ್ತು, ಬಳಕೆಯಲ್ಲಿದ್ದುದಕ್ಕೆ ಪೇಟೆಂಟ್ ಕೊಡಬಾರದು ಎಂದು ಧನಲಕ್ಷ್ಮಿ ಎಂಬ ಹೆಸರಿನಲ್ಲಿ ತಕರಾರು ಬಂದಿತ್ತು. ಸೋಮವಾರ ಚೆನ್ನೈ ಪೇಟೆಂಟ್ ಕಚೇರಿಯ ಅಧಿಕಾರಿಯ ಮುಂದೆ ವಿಡಿಯೋದಲ್ಲಿ ವಿಚಾರಣೆ. ಆ ಧನಲಕ್ಷ್ಮಿ ಯಾರೆಂದು ಗೊತ್ತಿಲ್ಲ ಎಂದೇ ಕಂಪನಿಯಲ್ಲಿ ಎಲ್ಲರೂ ಹೇಳಿದ್ದರು. ತಕರಾರಿನಲ್ಲಿ ವಕೀಲರ ಕಚೇರಿಯ ವಿಳಾಸವಷ್ಟೇ ಇತ್ತು. ಎಲ್ಲಿ, ಯಾರು ಬಳಸಿದರು ಎಂಬುದಕ್ಕೆ, “ವಿವರವನ್ನು ವಿಚಾರಣೆಯಲ್ಲಿ ಮುಂದಿಡುತ್ತೇವೆ” ಎಂಬ ಒಂದೇ ಸಾಲು.

ರುದ್ರಾಣಿಗೆ ಚುಚ್ಚುತ್ತಿದ್ದುದು ಆ ಸಾಲು. ಗದಗಿನಿಂದ ಬಂದು ಇಂದಿರಾನಗರದ ಹಳೇ ಬಂಗಲೆಯೊಂದರ ಮಹಡಿಯಲ್ಲಿ ಪೇಟೆಂಟ್ ಏಜೆಂಟ್ ಆಗಿ ನೆಲೆನಿಂತ ಇಷ್ಟು ಕಾಲದಲ್ಲಿ ಅವಳು ಅನೇಕ ತಕರಾರುಗಳನ್ನು ಓದಿದ್ದಳು. ಕೈಯಲ್ಲಿ ಸಾಕ್ಷಿ ಇರುವವರು ಅದನ್ನು ಮೊದಲ ಪುಟದಲ್ಲೇ ತಂದು ಬಡಿಯುತ್ತಾರೆ. ಇವರು ಮುಷ್ಟಿ ಬಿಗಿಹಿಡಿದು ಕಾಯುತ್ತಿದ್ದರು. ಏನಕ್ಕೆ?

ಬೋರ್ಡಿನ ಗುಟ್ಟು ದೊಡ್ಡದೇನಲ್ಲ. ಮೋಟಾರಿಗೆ ಕರೆಂಟು ಬಿಡುವ ಸ್ವಿಚ್ಚುಗಳು ಜೋಡಿಜೋಡಿಯಾಗಿರುತ್ತವೆ. ಮೇಲಿನದು, ಕೆಳಗಿನದು ಎರಡೂ ಒಟ್ಟಿಗೆ ಕರೆಂಟಿಗೆ ದಾರಿ ತೆರೆದರೆ ಬ್ಯಾಟರಿಯ ಶಕ್ತಿಯೆಲ್ಲ ಅವುಗಳ ಮೂಲಕವೇ ನುಗ್ಗಿ ಸ್ವಿಚ್ಚು ಸುಟ್ಟು ಸಿಡಿಯುತ್ತದೆ. ಯಾವುದು ಯಾವಾಗ ತೆರೆಯಬೇಕು, ಮುಚ್ಚಬೇಕು ಎಂದು ಆಜ್ಞೆ ಕೊಡುವುದೇ ಗೇಟ್ ಡ್ರೈವ್ ಸರ್ಕ್ಯೂಟ್. ಮೇಲಿನದು ಧಡಕ್ಕನೆ ತೆರೆದ ಏಟಿಗೆ ಕೆಳಗಿನದು ಬಾಯಿಬಿಡಬಾರದು. ಅದಕ್ಕಾಗಿ ಅದನ್ನು ಋಣ, ಅಂದರೆ ನೆಗೆಟಿವ್, ವೋಲ್ಟೇಜಿನಿಂದ ಅದುಮಿ ಹಿಡಿಯುತ್ತಾರೆ. ಆ ವೋಲ್ಟೇಜನ್ನು ಕೂಡಿಟ್ಟುಕೊಳ್ಳುವ ಪುಟ್ಟ ಕೆಪಾಸಿಟರ್ ಗಾಡಿ ಹೊರಡುವ ಮೊದಲ ಕ್ಷಣದಲ್ಲಿ ಬರಿದಾಗಿರುತ್ತದೆ. ಅಪಾಯ ಇರುವುದು ಆ ಮೊದಲ ಮಿಡಿತದಲ್ಲೇ.

ಕೀಲಿ ತಿರುಗಿಸಿದ ಕೂಡಲೇ, ಮೊದಲ ಮಿಡಿತಕ್ಕೂ ಮುಂಚೆ, ಆ ಕೆಪಾಸಿಟರನ್ನು ತುಂಬಿಸುವ ದಾರಿ ಕಂಡುಹಿಡಿದವಳು ಸಾಮಿಯಾ. ಶಿವಾಜಿನಗರದ ಹುಡುಗಿ, ಸುನಿಲ್ ಜೊತೆ ಸೇರಿ ಈ ಶೆಡ್ಡು ಕಟ್ಟಿದವಳು. ಪೇಟೆಂಟ್ ಪರೀಕ್ಷಕರು ಎರಡು ವಿದೇಶಿ ದಾಖಲೆಗಳನ್ನು ಮುಂದಿಟ್ಟು, ಇದರಲ್ಲಿ ಹೊಸತೇನಿದೆ ಎಂದು ಕೇಳಿದ್ದರು. ಅವೆರಡರಲ್ಲೂ ಋಣ ವೋಲ್ಟೇಜ್ ಇತ್ತು, ಮುಂಚೆಯೇ ತುಂಬಿಸುವ ದಾರಿ ಇರಲಿಲ್ಲ. ರುದ್ರಾಣಿ ಹಕ್ಕಿನ ಬೇಡಿಕೆಯನ್ನು ಆ ಒಂದು ದಾರಿಗಷ್ಟೇ ಕಿರಿದು ಮಾಡಿ ಉತ್ತರ ಕೊಟ್ಟಳು. ಪರೀಕ್ಷಕರು ಒಪ್ಪಿದರು. ಪೇಟೆಂಟ್ ಇನ್ನೇನು ಬಂತು ಎನ್ನುವಾಗ ಬಂದದ್ದು ಈ ಕುಂಕುಮದ ಫೋಟೋ.

ತಕರಾರಿಗೆ ಉತ್ತರವಾಗಿ ಸಾಮಿಯಾ ಒಂದು ಅಫಿಡವಿಟ್‌ಗೆ ಸಹಿ ಹಾಕಿಕೊಟ್ಟಿದ್ದಳು. ಅರ್ಜಿ ಹಾಕುವ ದಿನದವರೆಗೆ ಒಂದು ಬೋರ್ಡೂ ಶೆಡ್ಡಿನಿಂದ ಹೊರಗೆ ಹೋಗಿಲ್ಲ, ಫೋಟೋ ಶೆಡ್ಡಿನೊಳಗಿನ ಪೂಜೆಯದು ಎಂದು. ಅದನ್ನು ಇವತ್ತೇ ಸಲ್ಲಿಸಬೇಕಿತ್ತು. ಆದರೂ ರುದ್ರಾಣಿ ಕಚೇರಿಯಲ್ಲಿ ಜೊತೆಗಿರುವ ವೈಷ್ಣವಿಗೆ ತನ್ನ ಡಿಜಿಟಲ್ ಸಹಿಯ ಪೆನ್‌ಡ್ರೈವ್ ಕೊಟ್ಟು, “ನಾನು ಹೇಳೂತನ ಅಪ್‌ಲೋಡ್ ಮಾಡಬ್ಯಾಡ” ಎಂದು ಇಲ್ಲಿಗೆ ಬಂದಿದ್ದಳು. ಆ ಪೆನ್‌ಡ್ರೈವನ್ನು ಇನ್ನೊಬ್ಬರ ಕೈಗೆ ಕೊಡಬಾರದು ಎಂಬುದು ನಿಯಮ. ಊರಿನ ಯಾವ ಕಚೇರಿಯೂ ಪಾಲಿಸದ ನಿಯಮ.

“ಸುನಿಲ್ ಅವರೇ, ಈ ಚಿಪ್ಪಿನ ಮ್ಯಾಲೆ ನಂಬರ್ ಯಾಕಿಲ್ರಿ?”

ಸುನಿಲ್ ಬಗ್ಗಿ ನೋಡಿದ. ನೋಡಬೇಕಾಗಿರಲಿಲ್ಲ. ಅದು ರುದ್ರಾಣಿಗೂ ಕಂಡಿತು.

ಸ್ವಲ್ಪ ಹೊತ್ತಿನ ಹಿಂದೆ ಶೆಡ್ಡು ತೋರಿಸುವಾಗ ಅವನೇ ಹೆಮ್ಮೆಯಿಂದ ವಿವರಿಸಿದ್ದ. ಹೊರಗೆ ಕಳಿಸುವ ಬೋರ್ಡಿನ ಮುಖ್ಯ ಚಿಪ್ಪಿನ ಮೇಲಿನ ಅಕ್ಷರಗಳನ್ನು ಇವರು ಮರಳು ಕಾಗದದಿಂದ ಉಜ್ಜಿ ಅಳಿಸುತ್ತಾರೆ. ಯಾರಾದರೂ ಬಿಚ್ಚಿ ನೋಡಿದರೂ ಯಾವ ಚಿಪ್ಪೆಂದು ತಿಳಿಯಬಾರದು. ಶೆಡ್ಡಿನೊಳಗೆ ಉಳಿಯುವ ಬೋರ್ಡನ್ನು ಹಾಗೆ ಕೆರೆಯುವುದಿಲ್ಲ. ಕೆರೆದರೆ ನಾಳೆ ರಿಪೇರಿ ಮಾಡುವಾಗ ಇವರಿಗೇ ಫಜೀತಿ.

“ಪೂಜೆಗೆ ಅಂತ ಯಾವ್ದೋ ಒಂದು ಇಟ್ಟಿರ್ತೀವಿ ಮೇಡಂ. ಶೆಡ್ ಓನರ್ ಮುನಿವೆಂಕಟಮ್ಮನೋರು ಹೊರಮಾವಿನಿಂದ ಬಂದು ಎಲ್ಲಾದಕ್ಕೂ ಕುಂಕುಮ ಇಟ್ಟು ಹೋಗ್ತಾರೆ. ಬಿಟ್ರೆ ಅವ್ರು ನನ್ ಹಣೇಗೂ ಇಟ್ಟು ಮಂಗಳಾರತಿ ಎತ್ತಿಬಿಡ್ತಾರೆ.”

ಅವನು ನಕ್ಕ. ರುದ್ರಾಣಿ ನಗಲಿಲ್ಲ. ಭೂತಗನ್ನಡಿಯನ್ನು ಎಲೆಯ ಅಂಚಿಗೆ ಸರಿಸಿ ಅವನ ಕಡೆ ತಿರುಗಿಸಿದಳು. ಹಳದಿ ಮುದ್ದೆ ಈಗ ದೊಡ್ಡದಾಗಿ ಕಂಡಿತು. ನಿಂಬೆಹಣ್ಣು. ಒಡೆದು, ಚಪ್ಪಟೆಯಾಗಿ, ಸಿಪ್ಪೆಯ ಮೇಲೆ ಅಡ್ಡಡ್ಡ ಗೆರೆ ಬಿದ್ದ ನಿಂಬೆಹಣ್ಣು.

“ಇದು ಟಯರಿನ ಗುರುತು. ಡ್ರಿಲ್ಲಿಂಗ್ ಮಷೀನು ನಿಂಬೆಹಣ್ಣಿನ ಮ್ಯಾಲೆ ಹತ್ತೂದಿಲ್ಲ ಸುನಿಲ್. ಗಾಡಿ ಹತ್ತತೈತಿ.”

ಆಯುಧಪೂಜೆಯ ದಿನ ಈ ಊರಿನ ಪ್ರತಿ ಬೀದಿಯಲ್ಲೂ ನಡೆಯುವುದೇ. ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಗಾಡಿಯನ್ನು ಒಂದು ಮಾರು ಮುಂದಕ್ಕೆ ಬಿಡುತ್ತಾರೆ. ಸಂಜೆಯವರೆಗೂ ರಸ್ತೆ ತುಂಬ ಹಳದಿ ಸಿಪ್ಪೆ. ನೋಡಿ ನೋಡಿ ಕಣ್ಣಿಗೆ ಕಾಣದಂತಾಗಿರುವ ವಸ್ತು. ಫೋಟೋವನ್ನು ವಾರಗಟ್ಟಲೆ ನೋಡಿದ ರುದ್ರಾಣಿಗೂ ಅದು ಕಂಡಿದ್ದು ಇವತ್ತು ಬೆಳಿಗ್ಗೆ, ಮಾರ್ಕೆಟ್ಟಿನಲ್ಲಿ ಒಂದು ನಿಂಬೆಹಣ್ಣು ಕೈಜಾರಿ ಆಟೊದ ಅಡಿಗೆ ಉರುಳಿದಾಗ.

ಸುನಿಲ್ ಸ್ಟೂಲಿನ ಮೇಲೆ ಕುಳಿತ.

ಇವನ ಮೇಲೆ ಕಣ್ಣಿಡಿ ಎಂದು ರಾಜಶೇಖರ ನಿನ್ನೆಯೇ ಫೋನಿನಲ್ಲಿ ಹೇಳಿದ್ದ. ಹೋದ ವರ್ಷ ಕಂಪನಿಯ ಹೆಚ್ಚಿನ ಪಾಲು ಕೊಂಡವನು ರಾಜಶೇಖರ. ಅರ್ಜಿ ಕಂಪನಿಯ ಹೆಸರಿನಲ್ಲಿ ಇದ್ದುದರಿಂದ ಈಗ ರುದ್ರಾಣಿಯ ಕಕ್ಷಿದಾರನೂ ಅವನೇ. ಅವನ ಲೆಕ್ಕ ನೇರವಾಗಿತ್ತು. ಅರ್ಜಿಯಲ್ಲಿ ಕಂಡುಹಿಡಿದವರ ಜಾಗದಲ್ಲಿ ಸಾಮಿಯಾಳ ಹೆಸರು ಒಂದೇ ಇದೆ. ಜೊತೆಗೆ ದುಡಿದ ಸುನಿಲ್‌ನ ಹೊಟ್ಟೆಯಲ್ಲಿ ಉರಿ ಇರಲೇಬೇಕು. ಪೇಟೆಂಟ್ ಬಂದ ಕೂಡಲೇ ದೊಡ್ಡ ವಾಹನ ಕಂಪನಿಯೊಂದಕ್ಕೆ ಹಕ್ಕನ್ನು ಪೂರ್ತಿ ವಹಿಸಿಕೊಟ್ಟು ಈ ಶೆಡ್ಡು ಮುಚ್ಚುವುದೆಂದು ರಾಜಶೇಖರ ಮಾತು ಮುಗಿಸಿದ್ದ, ಹವಾಮಾನ ಹೇಳುವವನಂತೆ.

“ಅರ್ಜಿಯೊಳಗ ನಿಮ್ಮ ಹೆಸರಿಲ್ಲ. ಬೇಜಾರಿತ್ತೇನು?”

“ಯಾಕ್ ಮೇಡಂ? ಯೋಚ್ನೆ ಅವ್ರದ್ದು, ಕೈ ನಂದು. ಅಡುಗೆ ಮಾಡ್ದೋರ ಹೆಸ್ರು ಬಡಿಸ್ದೋನಿಗೆ ಬರುತ್ತಾ?”

“ಹಂಗಾರ ಬೋರ್ಡು ಹೊರಗ ಹ್ಯಾಂಗ ಹೋತು?”

ಹೊರಗೆ ರೈಲು ಹಾದುಹೋಯಿತು, ಮೇಜಿನ ಮೇಲಿನ ತಿರುಪುಗಳು ಗಲಗಲ ಎಂದವು. ಅದು ದಾಟಿದ ಮೇಲೆ ಸುನಿಲ್ ಹೇಳತೊಡಗಿದ.

ಹಲಸೂರಿನಲ್ಲಿ ಆಟೊ ಓಡಿಸುವ ಹೆಂಗಸೊಬ್ಬಳು. ಎಲೆಕ್ಟ್ರಿಕ್ ಆಟೊ, ಶಾಲೆಯ ಮಕ್ಕಳ ಟ್ರಿಪ್ಪು. ಇಲ್ಲೇ ಕೆ.ಆರ್. ಪುರದ ಹ್ಯಾಂಗಿಂಗ್ ಬ್ರಿಡ್ಜ್ ಏರಿನಲ್ಲಿ ಟ್ರಾಫಿಕ್ಕಿಗೆ ನಿಂತು ಮತ್ತೆ ಎಳೆಯುವಾಗ ಕಂಟ್ರೋಲರ್ ಸುಟ್ಟು ಗಾಡಿ ಹಿಂದಕ್ಕೆ ಜಾರಿತ್ತು. ಹಿಂದೆ ಲಾರಿ ಇತ್ತು. ಲಾರಿಯವನು ಬ್ರೇಕು ಹಾಕಿದ್ದರಿಂದ ಮಕ್ಕಳು ಉಳಿದರು. ಬೇರೆ ಕಂಟ್ರೋಲರ್ ಹಾಕಿಸಿದಳು, ಅದೂ ಅದೇ ಏರಿನಲ್ಲಿ ಸುಟ್ಟಿತು. ಅವಳು ಅದನ್ನು ಚೀಲದಲ್ಲಿ ತುಂಬಿಕೊಂಡು ಇಲ್ಲಿಗೆ ಬಂದು, ಈ ಮೇಜಿನ ಮೇಲೆ ಸುರಿದು, ಅತ್ತಳು.

“ಹೊಸ ಬೋರ್ಡ್ ಆಗ್ತಾನೇ ರೆಡಿ ಆಗಿತ್ತು. ಹಾಕ್ಬಿಟ್ಟೆ. ಪೇಟೆಂಟು, ದಿನಾಂಕ, ಅದೆಲ್ಲಾ ಆಗ ಯಾರಿಗ್ ಗೊತ್ತು? ಇವತ್ತಿಗೂ ಸುಟ್ಟಿಲ್ಲ ಮೇಡಂ ಅದು.”

“ಆಕಿ ಹೆಸರು?”

ಅವನು ನೆಲ ನೋಡಿದ. “ಧನಲಕ್ಷ್ಮಿ.”

ರುದ್ರಾಣಿ ಭೂತಗನ್ನಡಿಯನ್ನು ಚೀಲಕ್ಕೆ ಹಾಕಿಕೊಂಡಳು. ಸಿಟ್ಟು ಬರಬೇಕಿತ್ತು. ಬದಲಿಗೆ ಎದೆಯೊಳಗೆ ಏನೋ ಹಗುರಾಯಿತು. ಕಾನೂನಿನಲ್ಲಿ ಇದಕ್ಕೊಂದು ಬಾಗಿಲಿದೆ. ಅರ್ಜಿಗೆ ಹಿಂದಿನ ಒಂದು ವರ್ಷದೊಳಗೆ, ಅರ್ಜಿದಾರರ ಒಪ್ಪಿಗೆಯಿಂದ, ಪ್ರಯೋಗಕ್ಕಾಗಿಯೇ ಹೊರಗೆ ಬಳಸಿದ್ದರೆ, ಆ ಪ್ರಯೋಗ ಅಗತ್ಯವೂ ಆಗಿದ್ದರೆ, ಪೇಟೆಂಟಿಗೆ ಕುತ್ತಿಲ್ಲ. ಏರಿನಲ್ಲಿ ಬರುವ ರೋಗದ ಮದ್ದನ್ನು ಏರಿನಲ್ಲೇ ಪರೀಕ್ಷಿಸಬೇಕು, ಮೇಜಿನ ಮೇಲಲ್ಲ. ಮರೆಮಾಚದೆ ಹೇಳಿದರೆ ಉಳಿಯಬಹುದು.

“ಹಾಕಿ ಸುಮ್ಮನ ಬಿಟ್ಟಿರೋ, ರೀಡಿಂಗ್ ತಗೊಂತಿದ್ರೋ?”

“ತಗೊಳ್ದೇ ಬಿಡ್ತೀವಾ? ಲ್ಯಾಪ್‌ಟಾಪಲ್ಲಿ ಎಲ್ಲಾ ಇದೆ.”

“ಸಾಮಿಯಾಗ ಇದು—”

“ಅವ್ರಿಗೇನೂ ಗೊತ್ತಿಲ್ಲ,” ಎಂದ ಸುನಿಲ್, ಪ್ರಶ್ನೆ ಮುಗಿಯುವ ಮೊದಲೇ. “ನಾನೇ ಮಾಡಿದ್ದು. ಹಂಗೇ ಬರ್ಕೊಳ್ಳಿ.”

ರುದ್ರಾಣಿ ಏನೂ ಬರೆದುಕೊಳ್ಳಲಿಲ್ಲ. ಅಫಿಡವಿಟ್ ಹೇಗೂ ವೈಷ್ಣವಿಯ ಬಳಿ ಭದ್ರವಾಗಿದೆ. ಅದನ್ನು ಹರಿದು, ನಿಜ ಬರೆದು, ಸಾಮಿಯಾಳಿಂದ ಹೊಸದಾಗಿ ಸಹಿ ಹಾಕಿಸಿದರಾಯಿತು. ಉಳಿದದ್ದು ಒಂದೇ ಪ್ರಶ್ನೆ. ಕಾಪಾಡಿದ ಬೋರ್ಡಿನ ಮೇಲೆ ಆ ಹೆಂಗಸು ತಕರಾರು ಹಾಕಿದ್ದು ಏಕೆ?

ಸುನಿಲ್ ದಾರಿ ಹೇಳಿದ. ಜೊತೆಗೆ ಬರಲು ಒಪ್ಪಲಿಲ್ಲ. ರುದ್ರಾಣಿ ಗೇಟು ದಾಟಿ ತಿರುಗಿ ನೋಡಿದಾಗ ಅವನು ಫೋನನ್ನು ಕಿವಿಗೆ ಹಿಡಿದಿದ್ದ.

ಹಲಸೂರಿನಲ್ಲಿ ಮೆಟ್ರೊ ಇಳಿದು, ದೇವಸ್ಥಾನದ ಹಿಂದಿನ ಸಂದಿಯಲ್ಲಿ ಕೇಳಿದರೆ ಮನೆ ಯಾರು ಬೇಕಾದರೂ ತೋರಿಸುತ್ತಿದ್ದರು. ಬಾಗಿಲ ಮುಂದೆಯೇ ಹಸಿರು ಬಣ್ಣದ ಆಟೊ, ಚಾರ್ಜಿಗೆ ಹಾಕಿತ್ತು. ಕಿಟಕಿಯಿಂದ ಇಳಿಬಿಟ್ಟ ವೈರು ರಂಗೋಲಿಯನ್ನು ಸುತ್ತಿಕೊಂಡು ಹೋಗಿತ್ತು. ಹೊಸ್ತಿಲ ಮೇಲೆ ಕುಳಿತು ಕೊತ್ತಂಬರಿ ಬಿಡಿಸುತ್ತಿದ್ದ ಗಟ್ಟಿಮುಟ್ಟಾದ ಹೆಂಗಸು ತಲೆ ಎತ್ತಿದಳು. ಖಾಕಿ ಅಂಗಿ ಇನ್ನೂ ಮೈಮೇಲೇ ಇತ್ತು.

“ವಕೀಲ್ರ ಕಡೆಯೋರಾ?”

“ಅಲ್ಲ. ಎದುರಿನ ಕಡೆಯಾಕಿ.”

ಧನಲಕ್ಷ್ಮಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಕೊತ್ತಂಬರಿಯ ಮೊರ ಬದಿಗೆ ಸರಿಸಿ ಹೊಸ್ತಿಲಲ್ಲಿ ಜಾಗ ಮಾಡಿದಳು.

“ಎದ್ರುಗಡೆಯೋರಾದ್ರೂ ಬಂದೋರು ಬಂದೋರೇ. ಕೂತ್ಕಳಿ. ಟೀ ಇಡ್ತೀನಿ.”

ಟೀ ಬಂತು. ಶುಂಠಿ ಜೋರಾಗಿತ್ತು. ರುದ್ರಾಣಿ ಸುತ್ತಿ ಬಳಸಲಿಲ್ಲ. ಬೋರ್ಡಿನಿಂದ ನಿಮಗೆ ಒಳ್ಳೆಯದಾಗಿದೆಯಲ್ಲ, ಹಾಗಿದ್ದೂ ಯಾಕೆ ಎಂದು ಕೇಳಿದಳು. ಧನಲಕ್ಷ್ಮಿ ಎದ್ದು ಹೋಗಿ ಆಟೊದ ಸೀಟು ಎತ್ತಿದಳು. ಒಳಗೆ ಅಲ್ಯೂಮಿನಿಯಂ ಡಬ್ಬಿ. ಅದರ ಮುಚ್ಚಳದ ಮೇಲೆ ಒಂದರ ಮೇಲೊಂದು ಹತ್ತಿದ ಕುಂಕುಮದ ಹಳೆಯ ಕಲೆಗಳು.

ಆ ಆಯುಧಪೂಜೆಯ ದಿನ, ಬೆಳಿಗ್ಗೆ ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿ ಆದ ಮೇಲೆ, ರೀಡಿಂಗ್ ತೆಗೆಯಲೆಂದು ಡಬ್ಬಿ ಬಿಚ್ಚಿದ್ದರಂತೆ. ಬೋರ್ಡು ಹೊರಗೆ ಬಂದದ್ದು ನೋಡಿ ಧನಲಕ್ಷ್ಮಿ ಅದಕ್ಕೂ ಒಂದು ಎಲೆ ಹಾಸಿದಳು.

“ಗಾಡಿ ಎಳಿಯೋದೇ ಇದು. ಇದನ್ನ ಬಿಟ್ಟು ಬರೀ ಬಾಡೀಗೆ, ಹ್ಯಾಂಡ್ಲಿಗೆ ಕುಂಕುಮ ಇಟ್ರೆ ಅದೇನ್ ಪೂಜೆ ಮೇಡಂ? ಕಾಲಿಗ್ ಬೀಳೋದು ಬಿಟ್ಟು ಚಪ್ಲಿಗ್ ಬಿದ್ದಂಗೆ.”

“ಹಂಗಿದ್ರೂ ಇದಕ್ಕ ಪೇಟೆಂಟ್ ಬರಬಾರದು ಅಂತ ಸಹಿ ಹಾಕಿದ್ರಿ?”

“ಬಂದ್ರೆ ಏನಾಗುತ್ತೆ, ನಿಮಗ್ ಗೊತ್ತಲ್ವಾ? ಆ ದೊಡ್ಡ ಕಂಪ್ನಿ ಗಾಡೀಲಿ ಮಾತ್ರ ಇದು. ಶೆಡ್ ಮುಚ್ತಾರೆ. ಇದು ಕೆಟ್ಟೋದ್ರೆ ಮಾಡ್ಕೊಡೋರಿಲ್ಲ. ನಮ್ ಸ್ಟ್ಯಾಂಡಲ್ಲಿ ಈಗ ಸುಮಾರು ಗಾಡೀಗೆ ಇದೇ ಇದೆ, ಎಲ್ಲಾ ಸ್ಕೂಲ್ ಟ್ರಿಪ್ಪಿನೋರು. ಅವ್ರೇನ್ ಮತ್ತೆ ಬ್ರಿಡ್ಜ್ ಮೇಲೆ ಹಿಂದಕ್ ಜಾರ್ಬೇಕಾ? ಪೇಟೆಂಟ್ ಬಿದ್ದೋದ್ರೆ ಇದು ಯಾರ್ದೂ ಅಲ್ಲ, ಯಾರ್ ಬೇಕಾದ್ರೂ ಮಾಡ್ಬೋದು ಅಂದ್ರು. ಹಾಕ್ದೆ ಸಹಿ.”

“ಯಾರಂದ್ರು? ಸುನಿಲ್?”

“ಅವ್ನಾ?” ಧನಲಕ್ಷ್ಮಿಗೆ ನಗು ಬಂತು. “ಅವ್ನು ಬರೀ ಸ್ಕ್ರೂ ಬಿಚ್ಚೋದು, ಹಾಕೋದು. ಹಂಗಂದಿದ್ದು, ಬೋರ್ಡ್ ಕೊಟ್ಟಿದ್ದು, ವಾರ ವಾರ ಲ್ಯಾಪ್‌ಟಾಪ್ ತಂದು ಇಲ್ಲೇ, ಈ ಹೊಸ್ತಿಲ ಮೇಲೇ ಕೂತು ನೋಡ್ತಿದ್ದಿದ್ದು ನಮ್ ಸಾಮಿಯಾ. ಆವತ್ತು ಫೋಟೋ ತೆಗ್ದಿದ್ದೂ ಅವಳೇ. ಅಕ್ಕ, ಹಂಗೇ ಇರಿ, ಕುಂಕುಮ ಒಣಗ್ಲಿ ಅಂದ್ಲು.”

ರುದ್ರಾಣಿ ಲೋಟವನ್ನು ಕೆಳಗಿಟ್ಟಳು. ಚೀಲದಿಂದ ಫೋಟೋ ತೆಗೆದು ಬಿಸಿಲಿಗೆ ಹಿಡಿದಳು. ನೆರಳಿನ ಮೊಣಕೈಯ ಬಳಿಯ ಆ ದುಂಡನೆಯ ಉಬ್ಬು ಹೂವಿನ ಬುಟ್ಟಿಯಾಗಿರಲಿಲ್ಲ. ಶಿವಾಜಿನಗರದಿಂದ ಸ್ಕೂಟರಿನಲ್ಲಿ ಬಂದು, ಮಹಡಿಯ ಮೆಟ್ಟಿಲು ಹತ್ತಿ, ಅಫಿಡವಿಟ್‌ಗೆ ಸಹಿ ಹಾಕುವಾಗಲೂ ಸಾಮಿಯಾ ಮೊಣಕೈಗೆ ಸಿಕ್ಕಿಸಿಕೊಂಡೇ ಇದ್ದ ಹೆಲ್ಮೆಟ್ಟು ಅದು.

ತಕರಾರಿನವರು ಮುಷ್ಟಿ ಬಿಗಿಹಿಡಿದು ಕಾಯುತ್ತಿದ್ದುದು ಏಕೆಂದು ಈಗ ತಿಳಿಯಿತು.

ಸಹಿಗೆ ಮುನ್ನ ರುದ್ರಾಣಿ ಸಾಮಿಯಾಳಿಗೆ ಕಾನೂನನ್ನು ಬಿಡಿಸಿ ಹೇಳಿದ್ದಳು. ಪ್ರಯೋಗಕ್ಕೆಂದು ಹೊರಗೆ ಕೊಟ್ಟಿದ್ದರೆ ಈಗಲೇ ಹೇಳಿ, ಉಳಿಸಬಹುದು. ಸುಳ್ಳು ಪ್ರಮಾಣ ಮಾಡಿ ಸಿಕ್ಕಿಬಿದ್ದರೆ ಮಾತ್ರ ಉಳಿಸಲಾಗದು. ಸಾಮಿಯಾ ಎರಡನ್ನೂ ಗಮನವಿಟ್ಟು ಕೇಳಿದ್ದಳು. ನಿಜ ಹೇಳಿದರೆ ಪೇಟೆಂಟ್ ಉಳಿಯುತ್ತಿತ್ತು, ಸುಳ್ಳು ಹೇಳಿದರೆ ಮುಳುಗುತ್ತಿತ್ತು. ಅವಳು ಬೇಕೆಂದೇ ಸುಳ್ಳನ್ನು ಆರಿಸಿಕೊಂಡಿದ್ದಳು. ಸೋಮವಾರ ಧನಲಕ್ಷ್ಮಿ ತನ್ನ ಆಟೊದ ಸಮೇತ ವಿಡಿಯೋದ ಮುಂದೆ ಬರುತ್ತಾಳೆ. ಅಫಿಡವಿಟ್ ಅಧಿಕಾರಿಯ ಕಣ್ಣೆದುರೇ ಒಡೆಯುತ್ತದೆ. ಅರ್ಜಿಯ ಜೊತೆ ಸಹಿ ಹಾಕಿದವಳೂ ಬೀಳುತ್ತಾಳೆ.

“ಸುಳ್ಳು ಸಾಬೀತಾದ್ರ ಸಾಮಿಯಾ ಜೈಲಿಗೂ ಹೋಗಬಹುದು. ಇದನ್ನ ಹೇಳಿದ್ಲಾ ನಿಮಗ?”

ಧನಲಕ್ಷ್ಮಿಯ ಕೈಯಲ್ಲಿದ್ದ ಸೀಟು ಧಪ್ಪನೆ ಕೆಳಗೆ ಬಿತ್ತು. ಸಾಮಿಯಾ ಹೇಳಿರಲಿಲ್ಲ ಎಂಬುದಕ್ಕೆ ಬೇರೆ ಉತ್ತರ ಬೇಕಿರಲಿಲ್ಲ.

ಇನ್ನೂ ಹೊತ್ತು ಮೀರಿಲ್ಲ ಎಂದು ರುದ್ರಾಣಿ ತನಗೆ ತಾನೇ ಹೇಳಿಕೊಂಡಳು. ಅಫಿಡವಿಟ್ ಕಚೇರಿಯಲ್ಲಿದೆ. ಹೋಗಬೇಕು, ಹರಿಯಬೇಕು, ಆ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಮಾತಾಡಬೇಕು. ಕಕ್ಷಿದಾರ ರಾಜಶೇಖರನಿಗೆ ಏನು ಹೇಳುವುದು ಎಂಬ ಬಿಸಿತುಪ್ಪ ಆಮೇಲೆ. ಅವಳು ವೈಷ್ಣವಿಗೆ ಫೋನ್ ಹಚ್ಚಿದಳು.

“ಮೇಡಂ, ಆಯ್ತು,” ಎಂದಳು ವೈಷ್ಣವಿ, ಹಲೋ ಕೂಡ ಹೇಳದೆ. “ನೀವು ಹೇಳಿ ಕಳ್ಸಿದ ಹಾಗೇ ಅಪ್‌ಲೋಡ್ ಮಾಡಿದೆ. ರಸೀದಿಯೂ ಬಂತು.”

“ನಾನ್ಯಾವಾಗ ಹೇಳಿ ಕಳಿಸಿದೆ?”

ಆ ತುದಿಯಲ್ಲಿ ಕುರ್ಚಿ ಹಿಂದಕ್ಕೆ ಸರಿದ ಸದ್ದು.

“ಸಾಮಿಯಾ ಬಂದು ಹೇಳಿದ್ರು. ನಿಮ್ಮ ಫೋನಿಗೆ ಶೆಡ್ಡಿನಲ್ಲಿ ಸಿಗ್ನಲ್ ಇಲ್ಲ, ಕಳಿಸ್ಬಿಡು ಅಂತ ಸುನಿಲ್ ಕೈಲಿ ಫೋನ್ ಮಾಡ್ಸಿದ್ರಂತೆ ಅಂತ... ಇಲ್ಲೇ ಕೂತಿದಾರೆ ಮೇಡಂ. ಕೊಡ್ಲಾ?”

ಫೋನು ಕೈಬದಲಾಯಿತು. ಮೊದಲು ಕೇಳಿಸಿದ್ದು ಮೇಜಿನ ಮೇಲೆ ಹೆಲ್ಮೆಟ್ಟು ಇಟ್ಟ ಸದ್ದು. ಆಮೇಲೆ ಸಾಮಿಯಾಳ ದನಿ, ಎಂದಿನಂತೆ ಮೆಲ್ಲಗೆ, ಅವಸರವಿಲ್ಲದೆ.

“ಮೇಡಂ, ಧನಲಕ್ಷ್ಮಿ ಅಕ್ಕ ಟೀ ಕೊಟ್ರಾ?”